ಅಂತೆ ಬಿಟ್ಟುಹೋದ ಹೇಳಿಕೆ

ಇಂಗ್ಲಿಷಿನಲ್ಲಿ ‘ಅಂತೆ’ ಇಲ್ಲ. ಇದು ನನಗೆ ಹೊಳೆಯುವಷ್ಟರಲ್ಲಿ ಒಬ್ಬ ಮನುಷ್ಯನನ್ನು ಕಳ್ಳ ಎಂದು ನಾಲ್ಕು ಪ್ರತಿ ಟೈಪ್ ಮಾಡಿ, ಸಹಿ ಹಾಕಿಸಿ, ಫೈಲಿಗೆ ಸೇರಿಸಿ ಆಗಿತ್ತು. ಟೈಪ್ ಮಾಡಿದವಳು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಪಿಯುಸಿ ಮುಗಿಸಿ, ರಾಜಾಜಿನಗರದಲ್ಲಿ ನಮ್ಮ ಬ್ಲಾಕಿನ ಮೂಲೆಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೋಯರ್, ಹೈಯರ್ ಪರೀಕ್ಷೆ ಎರಡೂ ಪಾಸು ಮಾಡಿ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ನೀರೆತ್ತುವ ಪಂಪುಗಳಿಗೆ ಬಿಡಿಭಾಗ ಮಾಡುತ್ತಿದ್ದ ಸಣ್ಣ ಕಾರ್ಖಾನೆ. ಕೆಲಸ ಆರು ತಿಂಗಳ ಟೆಂಪರರಿ. ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ, ಸೈರನ್ ಕೂಗುವ ಮೊದಲು ಗೇಟಿನೊಳಗೆ ಇರಬೇಕು.

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಇಲ್ಲದ ಜಂಭ. ನಮ್ಮ ಬೀದಿಯಲ್ಲಿ ಯಾರು ಅರ್ಜಿ ಬರೆಸಬೇಕಾದರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ‘ರೆಸ್ಪೆಕ್ಟೆಡ್ ಸರ್’ ಎಂದು ಶುರು ಮಾಡಿ ‘ಥ್ಯಾಂಕಿಂಗ್ ಯೂ’ ಮುಟ್ಟುವುದರೊಳಗೆ ಅವರ ಮನೆಯಿಂದ ಕಾಫಿ ಬಂದಿರುತ್ತಿತ್ತು. ಹತ್ತೊಂಬತ್ತು ವರ್ಷದವಳಿಗೆ ತಲೆ ತಿರುಗುವುದಕ್ಕೆ ಇನ್ನೇನು ಬೇಕು?

ಆ ಕಾರ್ಖಾನೆಯ ಸ್ಟೋರಿನಲ್ಲಿ ಒಬ್ಬ ಅಟೆಂಡರ್ ಇದ್ದರು. ನಲವತ್ತರ ಆಸುಪಾಸು, ಸುಂಕದಕಟ್ಟೆಯಿಂದ ಮಾಗಡಿ ರೋಡಿನ ಮೇಲೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮಾತು ಕಡಿಮೆ. ಟೈಪ್‌ರೈಟರಿಗೆ ಹೊಸ ರಿಬ್ಬನ್ ಕೇಳಿದರೆ ತಗಡಿನ ಡಬ್ಬಿಯ ಧೂಳನ್ನು ತಮ್ಮ ತೋಳಿನಿಂದ ಒರೆಸಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮೂವರು ಹೆಣ್ಣುಮಕ್ಕಳು ಅವರಿಗೆ, ದೊಡ್ಡವಳು ಏಳನೇ ಕ್ಲಾಸು.

ಒಂದು ದಿನ ಸ್ಟೋರಿನಿಂದ ಹಿತ್ತಾಳೆ ಬುಷ್‌ಗಳ ಒಂದು ಪೊಟ್ಟಣ ಕಾಣೆಯಾಯಿತು. ಬುಷ್ ಎಂದರೆ ದಪ್ಪ ಉಂಗುರದ ಹಾಗಿರುವ ಸಣ್ಣ ಭಾಗ. ಹಿತ್ತಾಳೆ ಆದ್ದರಿಂದ ಹೊರಗೆ ಯಾರು ಬೇಕಾದರೂ ಕೊಳ್ಳುತ್ತಿದ್ದರು. ಆ ದಿನ ಸ್ಟೋರಿನಲ್ಲಿ ಇದ್ದದ್ದು ಅಣ್ಣ ಒಬ್ಬರೇ. ಅವರನ್ನು ಸಸ್ಪೆಂಡ್ ಮಾಡಿ ವಿಚಾರಣೆಗೆ ಕರೆದರು. ಕಳ್ಳತನ ಸಾಬೀತಾದರೆ ಕೆಲಸದಿಂದ ತೆಗೆದುಹಾಕುವುದು ಖಂಡಿತ. ತೆಗೆದ ಕಾಗದದ ಮೇಲೆ ‘ಕಳ್ಳತನ’ ಎಂದು ಇದ್ದರೆ ಆ ಎಸ್ಟೇಟಿನಲ್ಲಿ ಇನ್ನೊಂದು ಗೇಟೂ ಅವರಿಗೆ ತೆರೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ವಿಚಾರಣೆ ನಡೆಸಿದವರು ನಮ್ಮ ಪರ್ಸನೆಲ್ ಆಫೀಸರು. ಕಲ್ಕತ್ತಾ ಕಡೆಯವರು, ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರನ್ನು ಕೆಟ್ಟವರು ಅನ್ನಲಾರೆ. ನಿಯಮದ ಮನುಷ್ಯ, ಒಂದು ಕಾಮಾ ತಪ್ಪಿದರೂ ಬಿಡುತ್ತಿರಲಿಲ್ಲ, ಆದರೆ ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅವರ ಇಂಗ್ಲಿಷ್ ಕೇಳಿದರೆ ನನಗೆ ಹೊಟ್ಟೆಕಿಚ್ಚು.

ಸಾಕ್ಷಿ ಒಬ್ಬರೇ, ಗೇಟಿನ ವಾಚ್‌ಮನ್ ತಾತ. ಮಾಗಡಿ ಸೀಮೆಯವರು, ಆಗ ಮೂಡಲಪಾಳ್ಯದಲ್ಲಿ ಮಗನ ಮನೆಯಲ್ಲಿದ್ದರು. ಸಾಹೇಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ನಾನು ಅದನ್ನು ಕನ್ನಡಕ್ಕೆ ಹಾಕಿ ತಾತನಿಗೆ ಹೇಳುವುದು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದು. ಅಣ್ಣ ಗೋಡೆಯ ಪಕ್ಕ ಕೈಕಟ್ಟಿ ನಿಂತಿದ್ದರು. ತಾತ ಹೇಳಿದ್ದು ಇಷ್ಟೇ: “ಪೊಟ್ಟಣ ತಗೊಂಡು ಊಟದ ಚೀಲದೊಳಗೆ ಹಾಕ್ಕೊಂಡ್ನಂತೆ ಸ್ವಾಮಿ. ಅವತ್ತು ಗೇಟಲ್ಲಿ ನಾನು ಚೀಲ ನೋಡ್ಲಿಲ್ಲ. ಅದು ನನ್ನ ತಪ್ಪು.”

ಸಾಕ್ಷಿಗೆ ಏನಾದರೂ ಕೇಳುವುದಿದೆಯೇ ಎಂದು ಸಾಹೇಬರು ಅಣ್ಣನನ್ನು ಕೇಳಿದರು. ಅವರು, ಕೇಳೋದೇನಿಲ್ಲ ಸಾರ್, ಎಂದರು. ಅವರ ಮುಖದಲ್ಲಿ ಒಂದು ಬಗೆಯ ನಿರಾಳ ಕೂಡ ಇತ್ತು. ನನಗೆ ಆಗ ಅದರ ಅರ್ಥ ಆಗಲಿಲ್ಲ.

ನಾನು ಹೋಗಿ ಟೈಪ್ ಮಾಡಿದೆ. ಪೊಟ್ಟಣ ತೆಗೆದುಕೊಂಡು ಚೀಲದಲ್ಲಿ ಹಾಕಿಕೊಂಡ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೊಡೆದು, ಕೊನೆಗೆ ‘ಇಟ್ ಸೀಮ್ಸ್’ ಎಂದು ಸೇರಿಸಿದೆ. ನಮ್ಮೂರಿನ ಇಂಗ್ಲಿಷ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಹೀ ಈಸ್ ನಾಟ್ ಕಮಿಂಗ್ ಇಟ್ ಸೀಮ್ಸ್’, ‘ಟುಮಾರೋ ಹಾಲಿಡೇ ಇಟ್ ಸೀಮ್ಸ್’. ನಮ್ಮ ‘ಅಂತೆ’ಗೆ ಪ್ಯಾಂಟು ಶರ್ಟು ಹಾಕಿಸಿ ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ನಿಲ್ಲಿಸುತ್ತಿದ್ದೆವು. ಕಾಲೇಜಿನಲ್ಲಿ ಪಾಠ ಮಾಡುವವರೂ ಹಾಗೇ ಮಾತಾಡುತ್ತಿದ್ದರು. ಅದು ತಪ್ಪು ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಾಹೇಬರು ಕೆಂಪು ಪೆನ್ಸಿಲಿನಿಂದ ಆ ಎರಡು ಪದದ ಮೇಲೆ ಗೆರೆ ಎಳೆದರು. ಹಾಗೆಂದರೆ ಏನು ಎಂದು ಕೇಳಿದರು. ಸಾಕ್ಷಿಗೆ ತನ್ನ ಕಣ್ಣ ಮೇಲೇ ನಂಬಿಕೆ ಇಲ್ಲವೇ? ಕಂಡೆ ಎನ್ನುತ್ತಾನೋ, ಕಂಡ ಹಾಗೆ ಅನಿಸಿತು ಎನ್ನುತ್ತಾನೋ? ನಾನು ಬಾಯಿ ತೆರೆಯುವುದರೊಳಗೆ ಮೆಲ್ಲಗೆ, ಕಿರಿಯವಳಿಗೆ ಬುದ್ಧಿ ಹೇಳುವ ಹಾಗೆ, ಇದು ಬ್ಯಾಡ್ ಇಂಗ್ಲಿಷ್, ಎಂದರು.

ಕಿವಿ ಬಿಸಿಯಾಯಿತು. ಅವಮಾನದಿಂದ ನೆಲ ಬಾಯಿಬಿಡಬಾರದೇ ಅನಿಸಿತು. ಗೋಡೆಯ ಪಕ್ಕ ನಿಂತಿದ್ದ ಮನುಷ್ಯ, ಅವರ ಮೂವರು ಮಕ್ಕಳು ಯಾರೂ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ. ನನ್ನ ಇಂಗ್ಲಿಷ್ ಒಂದೇ ಇತ್ತು. ಓಡಿಹೋಗಿ ಹೊಸ ಹಾಳೆ ಸಿಕ್ಕಿಸಿ, ಮೂರು ಕಾರ್ಬನ್ ಇಟ್ಟು, ಆ ಎರಡು ಪದ ಬಿಟ್ಟು ಮತ್ತೆ ಟೈಪ್ ಮಾಡಿದೆ. ವಾಕ್ಯ ಎಷ್ಟು ಚೊಕ್ಕಟವಾಗಿ ಬಂತೆಂದರೆ ನನಗೇ ಖುಷಿಯಾಯಿತು, ಥೂ.

ಸಹಿ ಹಾಕಿಸುವ ಮೊದಲು ಹೇಳಿಕೆಯನ್ನು ಸಾಕ್ಷಿಗೆ ಅವನ ಭಾಷೆಯಲ್ಲಿ ಓದಿ ಹೇಳಬೇಕು, ಅದು ನಿಯಮ. ನಾನು ಕಾಗದ ಹಿಡಿದು ತಾತನ ಮುಂದೆ ನಿಂತು, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ತಲೆಯಾಡಿಸಿದರು, ನಾಲ್ಕೂ ಪ್ರತಿಗೆ ನಿಧಾನವಾಗಿ ಕನ್ನಡದಲ್ಲಿ ಸಹಿ ಹಾಕಿದರು. ಎಲ್ಲ ನಿಯಮದ ಪ್ರಕಾರವೇ ಆಯಿತು.

ಆಮೇಲಿನ ಎರಡು ದಿನ ಸಾಹೇಬರ ವರದಿಯನ್ನು ಟೈಪ್ ಮಾಡಿದೆ. ಅದೇ ವಾಕ್ಯ ವರದಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಸಾಕ್ಷಿ ಕಣ್ಣಾರೆ ಕಂಡಿದ್ದಾನೆ. ತನ್ನದೇ ತಪ್ಪನ್ನೂ ಒಪ್ಪಿಕೊಂಡಿರುವುದರಿಂದ ಅವನ ಮಾತು ನಂಬಲು ಯೋಗ್ಯ. ಆರೋಪಿ ಅವನಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ, ಅಂದರೆ ಅಲ್ಲಗಳೆಯಲಿಲ್ಲ. ಓದುತ್ತಿದ್ದರೆ ಹೌದಲ್ಲ, ಇನ್ನೇನು ಉಳಿದಿದೆ, ಅನಿಸುತ್ತಿತ್ತು. ಒಂದರ ಮೇಲೊಂದು ಹೇಗೆ ಕೂತಿದ್ದವು ಆ ವಾಕ್ಯಗಳು! ಎಲ್ಲೂ ಬೆರಳು ತೂರಿಸಲು ಸಂದು ಇರಲಿಲ್ಲ.

ಅವರೆಕಾಯಿ ಕಾಲ. ಎರಡನೇ ದಿನ ಸಂಜೆ ಮನೆಗೆ ಹೋದರೆ ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತಕಲು ಕೂತಿದ್ದಳು. ಕಾಳನ್ನು ಎರಡು ಬೆರಳಲ್ಲಿ ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ನಾನೂ ಕೂತೆ. ಕೈ ಆಡುತ್ತಿರುವಾಗ ಬಾಯಿ ಸುಮ್ಮನಿರುತ್ತದೆಯೇ? ಆಫೀಸಿನ ಕಥೆ ಶುರು ಮಾಡಿದೆ. ಸ್ಟೋರಿನ ಅಣ್ಣ ಪೊಟ್ಟಣ ಕದ್ದುಬಿಟ್ಟರಮ್ಮ, ಎಂದೆ. ಎಡಕ್ಕೆ ಬಲಕ್ಕೆ ನೋಡಿ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು, ಖಾಕಿ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಸೇರಿಸಿ, ಮೇಲೆ ಟವಲ್ ಮುಚ್ಚಿದರು ಎಂದೆ. ಅಭಿನಯ ಬೇರೆ ಮಾಡಿ ತೋರಿಸಿದೆ.

ಅಮ್ಮ ಕೈ ನಿಲ್ಲಿಸದೆ, ಆ ಹೊತ್ತಿನಲ್ಲಿ ನಾನು ಸ್ಟೋರಿನಲ್ಲಿದ್ದೆನಾ ಎಂದು ಕೇಳಿದಳು. ಇಲ್ಲ, ವಾಚ್‌ಮನ್ ತಾತ ಹೇಳಿದ್ದು, ಎಂದೆ. ತಾತ ಸ್ಟೋರಿನಲ್ಲಿದ್ದನಾ? ಇಲ್ಲ, ಅವರು ಗೇಟಲ್ಲಿರುತ್ತಾರೆ. ಮತ್ತೆ ಟವಲ್ ಮುಚ್ಚಿದ್ದನ್ನು ಕಂಡವರು ಯಾರು?

“ಹಂಗಾದ್ರೆ ಕದ್ದರಂತೆ ಅನ್ನು ಕಣೇ,” ಎಂದಳು ಅಮ್ಮ. “ನೋಡದೆ ಇರೋದನ್ನ ಕದ್ರು ಅಂದ್ರೆ ಆ ಪಾಪ ಯಾರಿಗೆ ಸುತ್ಕೊಳ್ಳುತ್ತೆ?”

ಬೇಳೆ ಹಿಡಿದ ಕೈ ಹಾಗೇ ನಿಂತಿತು. ಖಾಕಿ ಚೀಲ ಎಲ್ಲಿಂದ ಬಂತು? ಅಣ್ಣನ ಊಟದ ಚೀಲ ಯಾವ ಬಣ್ಣದ್ದು ಎಂದೇ ನನಗೆ ಗೊತ್ತಿರಲಿಲ್ಲ. ಟವಲ್ಲಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಆದರೆ ನನ್ನ ಕಣ್ಣಿಗೆ ಎಲ್ಲ ಕಂಡಿತ್ತು, ಈಗ ನೆನೆಸಿಕೊಂಡರೂ ಕಾಣುತ್ತದೆ. ‘ಹಾಕಿಕೊಂಡ’ ಎಂದು ಹತ್ತಾರು ಸಲ ಟೈಪ್ ಮಾಡಿದ್ದೆ. ಆ ಕ್ರಿಯಾಪದ ತನಗೆ ಬೇಕಾದ ಚೀಲವನ್ನು, ಬಟ್ಟೆಯನ್ನು, ಅತ್ತ ಇತ್ತ ನೋಡುವ ಕಣ್ಣನ್ನು ತಾನೇ ಹೊಂದಿಸಿಕೊಂಡು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ನನಗೆ ನಿಜವಾಗಿ ಭಯವಾಯಿತು.

ಕೈ ತೊಳೆಯುವಾಗ ಇನ್ನೊಂದು ನೆನಪಾಯಿತು. ತಾತನಿಗೆ ಹೇಳಿಕೆ ಓದಿ ಹೇಳಿದೆನಲ್ಲ, ಕಾಗದದಲ್ಲಿ ಇದ್ದದ್ದು ‘ಹಾಕಿಕೊಂಡ’. ನನ್ನ ಬಾಯಲ್ಲಿ ಬಂದದ್ದು ‘ಹಾಕ್ಕೊಂಡ್ನಂತೆ’. ಬೇಕೆಂದು ಹೇಳಿದ್ದಲ್ಲ. ಇಬ್ಬರೂ ನೋಡದ ಸಂಗತಿಯನ್ನು ಎದುರಿಗೆ ನಿಂತು ಕನ್ನಡದಲ್ಲಿ ಹೇಳುವಾಗ ನಾಲಿಗೆ ತಾನಾಗಿಯೇ ಅದನ್ನು ಸೇರಿಸಿಬಿಟ್ಟಿತ್ತು. ಕಾಗದದಲ್ಲಿ ಹೊಡೆದು ಹಾಕಿದ್ದು ಬಾಯಲ್ಲಿ ಮತ್ತೆ ಮೊಳೆತಿತ್ತು. ತಾತ ಒಪ್ಪಿ ಸಹಿ ಹಾಕಿದ್ದು ನನ್ನ ಬಾಯಿಯ ಮಾತಿಗೆ, ಕಾಗದದ ಮಾತಿಗಲ್ಲ. ಅಣ್ಣ ‘ಕೇಳೋದೇನಿಲ್ಲ’ ಎಂದದ್ದೂ ಅದಕ್ಕೇ. ತಾತ ನೋಡಿಲ್ಲ ಎಂದು ತಾತನೇ ಹೇಳಿಯಾಯಿತಲ್ಲ, ಇನ್ನು ಕೇಳುವುದೇನು? ಕೋಣೆಯಲ್ಲಿ ನಾವು ಮೂವರು ಕನ್ನಡದವರಿಗೆ ಒಂದು ವಿಚಾರಣೆ ನಡೆದಿತ್ತು. ಸಾಹೇಬರ ಕಾಗದದ ಮೇಲೆ ಬೇರೊಂದು ನಡೆದಿತ್ತು.

ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತು ಅದು, ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ ಅದರ ಮೇಲೇ ನಡೆಯುತ್ತಿದ್ದವು. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ, ಅವನಿಗೆ ಮಕ್ಕಳಿರಲಿಲ್ಲವಂತೆ. ರಾಕ್ಷಸ ಬಂದರೂ ‘ಬಂದನಂತೆ’, ಸತ್ತರೂ ‘ಸತ್ತನಂತೆ’. ಆ ಮಾತಿನ ದೆಸೆಯಿಂದ ನಾವು ರಾಕ್ಷಸನಿಗೆ ಹೆದರುತ್ತಲೇ ಹಾಯಾಗಿ ನಿದ್ದೆ ಹೋಗುತ್ತಿದ್ದೆವು. ಮಳೆ ಬಂತು ಎಂದು ಯಾರಾದರೂ ಒಳಗೆ ಬಂದರೆ ನಾನು ಅವರ ತಲೆಗೂದಲು ನೋಡುತ್ತೇನೆ. ಬಂತಂತೆ ಎಂದರೆ ನೋಡುವುದಿಲ್ಲ. ಎರಡಕ್ಷರ! ಅದರೊಳಗೆ ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ ಎನ್ನುವುದೆಲ್ಲ ಇತ್ತು. ಅಷ್ಟು ದೊಡ್ಡದನ್ನು ನಾವು ಅವರೆಕಾಳು ಹಿತಕುತ್ತಾ ಆಡಿಬಿಡುತ್ತಿದ್ದೆವು.

ಮರುದಿನ ಬೆಳಗ್ಗೆ ಸಾಹೇಬರ ಕೋಣೆಗೆ ಹೋದೆ. ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಟೆಂಪರರಿ ಕೆಲಸ, ಇನ್ನೆರಡು ತಿಂಗಳು ಬಾಕಿ, ಮುಂದುವರಿಸುವುದೂ ಬಿಡುವುದೂ ಅವರ ಕೈಯಲ್ಲಿ. ವರದಿ ಸಹಿಗೆ ತಯಾರಾಗಿ ಮೇಜಿನ ಮೇಲಿತ್ತು. ನನ್ನಿಂದ ತಪ್ಪಾಗಿದೆ, ಸಾಕ್ಷಿ ತಾನು ನೋಡಿಲ್ಲ ಎಂದು ಹೇಳಿದ್ದಾರೆ, ನಾನು ಅದನ್ನು ಬಿಟ್ಟಿದ್ದೇನೆ, ಎಂದು ನನ್ನ ಒಳ್ಳೆಯ ಇಂಗ್ಲಿಷಿನಲ್ಲೇ ಹೇಳಿದೆ. ನೋಡಿಲ್ಲ ಎಂದು ಯಾವಾಗ ಹೇಳಿದ, ಯಾವ ವಾಕ್ಯದಲ್ಲಿ, ಎಂದು ಅವರು ಕೇಳಿದರು. ಬೇರೆ ವಾಕ್ಯ ಇಲ್ಲ, ಅದೇ ವಾಕ್ಯದಲ್ಲಿ, ಕ್ರಿಯಾಪದದ ಕೊನೆಯಲ್ಲಿ ‘ಅಂತೆ’ ಎನ್ನುವ ಎರಡಕ್ಷರದಲ್ಲಿ, ಎಂದೆ.

ಅವರು ನಕ್ಕುಬಿಟ್ಟರು. ಎರಡಕ್ಷರಕ್ಕೋಸ್ಕರ ಮುಗಿದ ವಿಚಾರಣೆಯನ್ನು ಮತ್ತೆ ತೆರೆಯಬೇಕೇ ಎಂದರು. ನಾನು ಅಟೆಂಡರ್ ಮೇಲಿನ ಕನಿಕರಕ್ಕೆ ಹೀಗೆ ಹೇಳುತ್ತಿದ್ದೇನೋ ಎಂದೂ ಕೇಳಿದರು. ನನಗೆ ಅಳು ಬರುವ ಹಾಗಾಯಿತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಬಂದರೆ ನನಗೆ ಧೈರ್ಯ ಬರುತ್ತದೆ. ನನ್ನನ್ನು ನಂಬಬೇಡಿ ಸಾರ್, ತಾತನನ್ನು ಕರೆಸಿ, ಏನು ಬೇಕಾದರೂ ಕೇಳಿ, ಬರೀ ಕೊನೆಯನ್ನು ಕೇಳಿಸಿಕೊಳ್ಳಿ, ಎಂದೆ.

ನಿಯಮದ ಮನುಷ್ಯ ಅಂದೆನಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ ಆಡಿಸಿ, ತಾತನನ್ನು ಕರೆಸಿದರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು, ಕಣ್ಸನ್ನೆ ಮಾಡಿಬಿಟ್ಟೇನೆಂದು. ಅವರು ಕೇಳಿದ್ದನ್ನು ನಾನು ಗೋಡೆಗೆ ಹೇಳಬೇಕು, ತಾತ ನನ್ನ ಬೆನ್ನಿಗೆ ಉತ್ತರಿಸಬೇಕು.

ಬೆಳಗ್ಗೆ ಗೇಟು ತೆಗೆದವರು ಯಾರು ಎಂದು ಕೇಳಿದರು. ನಾನೇ ತೆಗ್ದೆ, ಎಂದರು ತಾತ. ಕಾರ್ಖಾನೆಯ ದೊಡ್ಡ ಸಾಹೇಬರು ಎಲ್ಲಿ? ಮದ್ರಾಸಿಗೆ ಹೋಗವ್ರಂತೆ. ಕ್ಯಾಂಟೀನಿನಲ್ಲಿ ಇವತ್ತು ಏನು ಅಡುಗೆ? ಚಿತ್ರಾನ್ನ ಮಾಡವ್ರಂತೆ. ನಸುಕಿನಲ್ಲಿ ಮಂಜು ಬಿದ್ದಿತ್ತೇ? ತಾತನಿಗೆ ಇದೆಲ್ಲ ಯಾಕೆ ಎಂದು ಬೇಸರ ಬಂದಿರಬೇಕು, ಆದರೂ ಉತ್ತರ ಕೊಟ್ಟರು. “ನಮ್ ಮೂಡಲಪಾಳ್ಯದಲ್ಲಿ ಬಿದ್ದಿತ್ತು. ಇಲ್ಲಿ ಬಿದ್ದಿರ್ಲಿಲ್ವಂತೆ.”

ನಾನು ಅದನ್ನು ಇಂಗ್ಲಿಷಿಗೆ ಹಾಕುವ ಮೊದಲೇ ಹಿಂದಿನಿಂದ ಪೆನ್ಸಿಲ್ ಮೇಜಿಗೆ ಟಕ್ ಎಂದು ಬಡಿದ ಸದ್ದು ಬಂತು. ಸಾಹೇಬರಿಗೆ ಕೇಳಿಸಿತ್ತು! ಕನ್ನಡದ ಒಂದಕ್ಷರ ಗೊತ್ತಿಲ್ಲದ ಮನುಷ್ಯ ಒಂದೇ ಉತ್ತರದೊಳಗೆ ಕಂಡ ಮಂಜನ್ನೂ ಕೇಳಿದ ಮಂಜನ್ನೂ ಬೇರೆ ಮಾಡಿಕೊಂಡಿದ್ದರು. ಅಲ್ಲಿಂದ ಮುಂದೆ ತಾತ ‘ಅಂತೆ’ ಎಂದಾಗಲೆಲ್ಲ ಟಕ್, ಇಲ್ಲದಾಗ ಮೌನ. ಒಂದು ಸಲವೂ ತಪ್ಪಲಿಲ್ಲ.

ಕೊನೆಗೆ ಅವರೊಂದು ಪ್ರಶ್ನೆ ಹಾಕಿದರು, ನನ್ನನ್ನೇ ಬೀಳಿಸುವುದಕ್ಕೆಂದು ಹಾಕಿದ್ದು ಅಂತ ಈಗಲೂ ಅನಿಸುತ್ತದೆ. ನೀನು ಹುಟ್ಟಿದ್ದು ಯಾವಾಗ, ಎಂದು ಕೇಳು, ಎಂದರು. ಸ್ವಂತದ ವಿಷಯ, ಅದಕ್ಕೆ ‘ಅಂತೆ’ ಎಲ್ಲಿಂದ ಬರಬೇಕು?

“ಇಸವಿ ಗೊತ್ತಿಲ್ಲ ಸ್ವಾಮಿ. ಅಮಾಸೆ ದಿನ ಹುಟ್ಟಿದ್ನಂತೆ.”

ಟಕ್ ಎನ್ನಲಿಲ್ಲ. ನಾನು ಅಪ್ಪಣೆ ಕೇಳದೆ ತಿರುಗಿ ನೋಡಿದೆ. ಸಾಹೇಬರು ಪೆನ್ಸಿಲನ್ನು ಕೆಳಗಿಟ್ಟು ತಾತನನ್ನೇ ನೋಡುತ್ತಿದ್ದರು. ಆ ಮುದುಕ ತನ್ನ ಹುಟ್ಟಿಗೂ ತಾನು ಸಾಕ್ಷಿ ಎಂದು ಹೇಳಿಕೊಳ್ಳಲಿಲ್ಲ. ಅಲ್ಲಿ ಇದ್ದರೂ ಕಂಡವನು ತಾನಲ್ಲವಲ್ಲ, ಕಂಡವಳು ತಾಯಿ. ಇದನ್ನು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ, ಭಾಷೆಯೇ ಕಲಿಸಿತ್ತು. ಇಂಥ ಭಾಷೆ ಬಾಯಲ್ಲಿಟ್ಟುಕೊಂಡು ನಾನು ಒಂದು ಕೆಂಪು ಗೆರೆಗೆ ಹೆದರಿದ್ದೆನಲ್ಲ ಎಂದು ನಾಚಿಕೆಯೂ ಬೆರಗೂ ಒಟ್ಟಿಗೇ ಬಂದವು.

ಆಮೇಲೆ ಸಾಹೇಬರು ಮುಖ್ಯ ಪ್ರಶ್ನೆಗೆ ಬಂದರು. ಅಟೆಂಡರ್ ಪೊಟ್ಟಣ ತೆಗೆದುಕೊಂಡದ್ದನ್ನು ನೀನು ನೋಡಿದೆಯಾ? ತಾತ ಸಾಹೇಬರನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಕಂಡಿದ್ರೆ ತಗೊಂಡ ಅಂತಿದ್ದೆ. ಕಾಣ್ಲಿಲ್ಲ, ತಗೊಂಡ್ನಂತೆ ಅಂದೆ. ಅವತ್ತೇ ಸರಿಯಾಗಿ ಹೇಳಿದ್ನಲ್ಲವ್ವ, ನೀನು ಬರ್ಕೊಳ್ಲಿಲ್ವಾ?”

ತಲೆ ತಗ್ಗಿಸಿ ಇಲ್ಲ ತಾತ ಎಂದೆ. ಸಾಹೇಬರು ಅದನ್ನು ಅನುವಾದಿಸು ಎಂದು ಕೇಳಲಿಲ್ಲ.

ವರದಿ ಸಹಿಯಾಗಲಿಲ್ಲ. ತಾತನಿಗೆ ಯಾರು ಹೇಳಿದರು ಎಂದು ಕೇಳಿದರೆ ಕ್ಯಾಂಟೀನಿನಲ್ಲಿ ಅಂತಿದ್ದರು. ಕ್ಯಾಂಟೀನಿನವರನ್ನು ಕೇಳಿದರೆ ಮೆಷಿನ್ ಶಾಪಿನಲ್ಲಿ ಅಂತಿದ್ದರಂತೆ. ಮೆಷಿನ್ ಶಾಪಿನವರಿಗೆ ಪ್ಯಾಕಿಂಗಿನವರು ಹೇಳಿದ್ದಂತೆ. ಅಲ್ಲಿಗೆ ಹೋದರೆ ಮತ್ತೆ ಕ್ಯಾಂಟೀನು. ಸಾಹೇಬರು ಎರಡು ದಿನ ನನ್ನನ್ನು ಜೊತೆಗೆ ಕರೆದುಕೊಂಡು ತಿರುಗಿದರು. ನೋಡಿದೆ ಎಂದವರು ಒಬ್ಬರೂ ಸಿಗಲಿಲ್ಲ. ಆರೋಪ ಬಿಟ್ಟುಹೋಯಿತು, ಅಣ್ಣ ಸೋಮವಾರ ಕೆಲಸಕ್ಕೆ ವಾಪಸು ಬಂದರು. ಅವತ್ತು ನಾನು ಮನೆಗೆ ನಡೆದು ಹೋಗಲಿಲ್ಲ, ಹಾರಿಕೊಂಡು ಹೋದೆ. ಎರಡಕ್ಷರ ಒಂದು ಸಂಸಾರವನ್ನು ಉಳಿಸಿತು ಎಂದು ಅಮ್ಮನಿಗೆ ಹೇಳಿ ಹೇಳಿ ಅವಳ ತಲೆ ತಿಂದೆ.

ಕಥೆ ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೂರು ವಾರದ ಮೇಲೆ ಹೊಸ ರಿಬ್ಬನ್ ಕೇಳಿದೆ. ಅಣ್ಣ ತಂದುಕೊಟ್ಟರು, ಡಬ್ಬಿ ಒರೆಸಲಿಲ್ಲ. ಮುಖ ಇಳಿದುಹೋಗಿತ್ತು. ಒಂದು ಕೃತಜ್ಞತೆಯ ಮಾತು ಬರಬಹುದು ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ, ಅಯ್ಯೋ ನನ್ನ ಬುದ್ಧಿಯೇ. ಹೇಗಿದ್ದೀರಣ್ಣ ಎಂದೆ. ಅವರು ಹೋಗುವವರು ನಿಂತರು. ಸ್ಟೋರಿನ ಬೀಗದ ಕೈ ಈಗ ಬೇರೆಯವರ ಹತ್ತಿರ ಇದೆ ಎಂದರು. ಕ್ಯಾಂಟೀನಿನಲ್ಲಿ ತಾವು ಕೂತ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ ಎಂದರು. ಕದ್ದಿದ್ದನಂತೆ, ಸಾಕ್ಷಿ ಸಿಗಲಿಲ್ಲವಂತೆ, ಟೈಪಿಸ್ಟ್ ಹುಡುಗಿ ಇಂಗ್ಲಿಷಲ್ಲಿ ಏನೋ ತಪ್ಪು ತೋರಿಸಿ ಬಿಡಿಸಿದಳಂತೆ, ಎಂದು ಮಾತಾಡಿಕೊಳ್ಳುತ್ತಾರೆ. ಸುದ್ದಿ ಸುಂಕದಕಟ್ಟೆಯವರೆಗೂ ಹೋಗಿದೆ. ಮೊನ್ನೆ ದೊಡ್ಡ ಮಗಳು ಶಾಲೆಯಿಂದ ಬಂದವಳು ಚೀಲ ಕೂಡ ಇಳಿಸದೆ, ಅಪ್ಪ, ನೀನು ಕದ್ದಿದ್ಯಂತೆ, ಹೌದಾ, ಎಂದು ಕೇಳಿದಳು.

“ಕದ್ದ ಅಂದ್ರೆ ಎದುರಿಗೆ ನಿಂತು ಇಲ್ಲ ಅನ್ಬೋದು ಕಣಮ್ಮ. ಕದ್ದನಂತೆ ಅಂದ್ರೆ ಯಾರ ಹತ್ರ ಹೋಗಿ ಇಲ್ಲ ಅನ್ಲಿ? ಅಂದೋರೇ ಇಲ್ವಲ್ಲ.”

ಅವರು ಹೋದ ಮೇಲೆ ಡಬ್ಬಿಯ ಧೂಳನ್ನು ನಾನೇ ಒರೆಸಿದೆ. ನಾನು ಕೈಮುಗಿದಿದ್ದ ಮಾತೇ ಅದು, ಬೇರೆಯದಲ್ಲ. ಕೋಣೆಯೊಳಗೆ ತಾತನ ಬಾಯಲ್ಲಿ ಅದು, ನಾನು ಕಂಡಿಲ್ಲ, ಎಂದಿತ್ತು. ಕ್ಯಾಂಟೀನಿನಲ್ಲಿ ಅದೇ ಮಾತು, ನಾನು ಹೇಳಿಲ್ಲ, ಎನ್ನುತ್ತಿತ್ತು. ಒಬ್ಬರೂ ಅದನ್ನು ತಮ್ಮದು ಎನ್ನಬೇಕಾಗಿರಲಿಲ್ಲ, ಆದ್ದರಿಂದ ಎಲ್ಲರೂ ಆಡಬಹುದಾಗಿತ್ತು. ಸುಳ್ಳು ಎಂದು ತೋರಿಸೋಣವೆಂದರೆ ಅವರು ನಿಜ ಎಂದೇ ಹೇಳಿಲ್ಲ. ಇದಕ್ಕಿಂತ ಬಲವಾದ ವಾದವನ್ನು ಯಾವ ವಕೀಲ ಮಾಡಿಯಾನು? ಮೊದಲ ಸಲ ಬೆರಗಾದಾಗ ಹೆಮ್ಮೆಯಿತ್ತು. ಈ ಸಲದ ಬೆರಗಿನಲ್ಲಿ ಹೆಮ್ಮೆ ಎಳ್ಳಷ್ಟೂ ಇರಲಿಲ್ಲ.

ಆಫೀಸಿನ ಹೆಂಗಸರು ನಾವು ಇಬ್ಬರೋ ಮೂವರೋ ಒಳಗೇ ಊಟ ಮಾಡುತ್ತಿದ್ದೆವು, ಕ್ಯಾಂಟೀನಿಗೆ ಹೋಗುವ ರೂಢಿ ಇರಲಿಲ್ಲ. ಮರುದಿನ ಮಧ್ಯಾಹ್ನ ನಾನು ಹೋದೆ. ಉದ್ದನೆಯ ಶೆಡ್ಡು, ತಟ್ಟೆಗಳ ಸದ್ದು, ಐವತ್ತು ಅರವತ್ತು ಗಂಡಸರು. ನನ್ನನ್ನು ನೋಡಿ ಒಂದೊಂದೇ ಬೆಂಚು ಸುಮ್ಮನಾಯಿತು. ಕೊನೆಯ ಬೆಂಚಿನಲ್ಲಿ ಅಣ್ಣ ಒಬ್ಬರೇ ಕೂತಿದ್ದರು, ತಲೆ ಎತ್ತಲಿಲ್ಲ.

ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ನಾನೇನೂ ನೋಡಿರಲಿಲ್ಲ. ಆ ಪೊಟ್ಟಣ ಏನಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಟ್ಟುನಿಟ್ಟಾಗಿ ನನ್ನ ಭಾಷೆಯಲ್ಲಿ ಆಡುವುದಾದರೆ ‘ತಗೊಂಡಿಲ್ವಂತೆ’ ಎನ್ನಬೇಕು. ಹಾಗೆಂದರೆ ಅಲ್ಲಿ ಓಡಾಡುತ್ತಿದ್ದ ಅಂತೆಕಂತೆಗಳ ಜೊತೆ ಅದೂ ಒಂದಾಗುತ್ತಿತ್ತು, ಅಷ್ಟೇ. ನಾಲಿಗೆಯ ತುದಿಗೆ ಅದೇ ಬಂದು ನಿಂತಿತ್ತು. ಹುಟ್ಟಿದಾಗಿನಿಂದ ಆಡಿದ್ದನ್ನು ನುಂಗುವುದು ಸುಲಭವಲ್ಲ. ನುಂಗಿದೆ. ತಪ್ಪಾದರೆ ತಪ್ಪು ನನ್ನ ಹೆಸರಿಗೇ ಇರಲಿ ಎಂದುಕೊಂಡೆ.

“ಅಣ್ಣ ಆ ಪೊಟ್ಟಣ ತಗೊಂಡಿಲ್ಲ,” ಎಂದೆ. ದನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬಂತು.

ಹತ್ತಿರದ ಬೆಂಚಿನಲ್ಲಿದ್ದ ಲೇತ್ ಕೆಲಸದವರೊಬ್ಬರು ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಹಿಡಿದು, ತಗೊಂಡಿಲ್ಲ ಅಂತ ಯಾರು ಹೇಳಿದ್ದು ಮೇಡಂ, ಎಂದು ಕೇಳಿದರು. ಕುಹಕವೇನೂ ಇರಲಿಲ್ಲ, ಆ ಕ್ಯಾಂಟೀನಿನಲ್ಲಿ ಪ್ರತಿ ಮಾತಿಗೂ ಹಿಂದೊಬ್ಬರು ಇದ್ದೇ ಇರುತ್ತಿದ್ದರಲ್ಲ. ಅಣ್ಣ ಆಗ ತಲೆ ಎತ್ತಿ ನನ್ನ ಕಡೆ ನೋಡಿದರು.

“ಯಾರೂ ಹೇಳಿಲ್ಲ. ನಾನು ಹೇಳ್ತಾ ಇದೀನಿ.”